ಎಂಜಿನ್‌ಗೂ ಫೋರ್ಕ್‌ಗೂ ದಪ್ಪ ಆಯಿಲ್ ಹಾಕಿದ್ರೆ ಸರಿಹೋಗುತ್ತಾ?

ಪ್ರಶ್ನೆ: ನಂದು 150 ಸಿಸಿ ಏರ್ ಕೂಲ್ಡ್ ಸಿಂಗಲ್ ಸಿಲಿಂಡರ್ ಬೈಕು, 60 ಸಾವಿರ ಕಿಲೋಮೀಟರ್ ದಾಟಿದೆ. ಎಂಜಿನ್ ಮೇಲ್ಗಡೆ ಕಟಕಟ ಸದ್ದು, 1000 ಕಿಲೋಮೀಟರಿಗೆ ಸುಮಾರು 300 ಎಂಎಲ್ ಆಯಿಲ್ ಕಡಿಮೆ ಆಗ್ತಿದೆ. ಮುಂದಿನ ಫೋರ್ಕ್, ಅಂದ್ರೆ ಮುಂದಿನ ಚಕ್ರ ಹಿಡಿದಿರೋ ಸ್ಪ್ರಿಂಗ್ ಇರೋ ಜೋಡಿ ಕಾಲು, ಬ್ರೇಕ್ ಹಿಡಿದ್ರೆ ಪೂರ್ತಿ ಕುಸಿಯುತ್ತೆ, ಆದ್ರೆ ಚೂಪಾದ ಹೊಂಡಕ್ಕೆ ಬಿದ್ರೆ ಅದೇ ಫೋರ್ಕ್ ಗಟ್ಟಿಯಾಗಿ ಕೈಗೆ ಹೊಡೆಯುತ್ತೆ. ಎಂಜಿನ್‌ಗೂ ಫೋರ್ಕ್‌ಗೂ 20ಡಬ್ಲ್ಯೂ-50 ಅನ್ನೋ ದಪ್ಪ ಎಂಜಿನ್ ಆಯಿಲ್ ಹಾಕಿಬಿಡಿ, ಎರಡೂ ಸರಿಹೋಗುತ್ತೆ ಅಂತ ಮೆಕ್ಯಾನಿಕ್ ಹೇಳ್ತಾರೆ. ಹೇಗಿದ್ರೂ ಎಂಜಿನ್ ಬಿಚ್ತೀವಿ ಅಂದ್ರೆ ಹೈ ಕಂಪ್ರೆಷನ್ ಪಿಸ್ಟನ್ ಹಾಕಿಸೋಣ ಅಂತಿದೀನಿ. ಯಾವುದರಿಂದ ಶುರು ಮಾಡ್ಲಿ?

ಉತ್ತರ: ಫೋರ್ಕ್‌ನಿಂದ ಶುರು ಮಾಡಿ. ಮತ್ತೆ ದಯವಿಟ್ಟು ಎರಡಕ್ಕೂ ಆ ಆಯಿಲ್ ಹಾಕ್ಬೇಡಿ. ದಪ್ಪ ಆಯಿಲ್ ಎಂಜಿನ್ನಲ್ಲಿ ಸದ್ದನ್ನ ಮುಚ್ಚುತ್ತೆ, ಫೋರ್ಕ್‌ನಲ್ಲಿ ಕುಸಿತವನ್ನ ನಿಧಾನ ಮಾಡುತ್ತೆ, ಸವೆದಿರೋ ಪಾರ್ಟ್ ಸವೆದ ಹಾಗೇ ಇರುತ್ತೆ, ಸುಸ್ತಾದ ಸ್ಪ್ರಿಂಗ್ ಸುಸ್ತಾಗೇ ಇರುತ್ತೆ, ನಿಮಗೆ ಮಾತ್ರ ಏನೋ ರಿಪೇರಿ ಆಯ್ತು ಅನ್ನಿಸುತ್ತೆ ಅಷ್ಟೇ. ಫೋರ್ಕ್ ಮೊದಲು ಅಂತ ಯಾಕೆ ಹೇಳ್ತಿದೀನಿ ಅಂದ್ರೆ ಬ್ರೇಕ್ ಹಿಡಿದಾಗ ಮುಂದಿನ ಟೈರು ರಸ್ತೆಗೆ ಅಂಟ್ಕೊಂಡಿರಬೇಕು ಅನ್ನೋದು ನಿಮ್ಮ ಜೀವದ ವಿಷಯ, ಎಂಜಿನ್ ಆಯಿಲ್ ಕುಡಿಯೋದು ಸದ್ಯಕ್ಕೆ ಲೆವೆಲ್ ನೋಡ್ಕೊಂಡು ನಿಭಾಯಿಸಬಹುದಾದ ವಿಷಯ.

ಈಗ ಬ್ರೇಕ್ ಹಿಡಿದಾಗ ಕುಸಿಯೋದು ಯಾಕೆ ನೋಡೋಣ. ಬೈಕು, ನೀವು ಸೇರಿ 215 ಕೆಜಿ ಅಂತಿಟ್ಕೊಳ್ಳಿ, ವ್ಹೀಲ್‌ಬೇಸ್ (ಎರಡು ಚಕ್ರದ ನಡುವಿನ ಅಂತರ) 1.3 ಮೀಟರ್, ತೂಕದ ಕೇಂದ್ರ ನೆಲದಿಂದ 0.6 ಮೀಟರ್ ಮೇಲೆ. ಗುರುತ್ವದ 0.7 ಪಾಲಿನಷ್ಟು ಗಟ್ಟಿಯಾಗಿ ಬ್ರೇಕ್ ಹಿಡಿದ್ರೆ ಮುಂದಿನ ಚಕ್ರದ ಮೇಲೆ ಹೊಸದಾಗಿ ಬಂದು ಕೂರೋ ತೂಕ ಹತ್ತಿರ ಹತ್ತಿರ 70 ಕೆಜಿ. ಫೋರ್ಕ್‌ನ ಓರೆಯನ್ನ ಬಿಟ್ಟು ಒರಟಾಗಿ ಲೆಕ್ಕ ಹಾಕೋಣ. ಒಂದೊಂದು ಸ್ಪ್ರಿಂಗ್ ಎಂಎಂಗೆ 0.5 ಕೆಜಿ ತಡೆಯುತ್ತೆ ಅಂದ್ರೆ ಎರಡೂ ಸೇರಿ 1 ಕೆಜಿ, ಹಾಗಾಗಿ 70 ಎಂಎಂ ಒಳಗೆ ಹೋಗುತ್ತೆ. ನೀವು ಸುಮ್ನೆ ಕೂತಾಗಲೇ 40 ಎಂಎಂ ಕೆಳಗಿಳಿದಿರುತ್ತೆ, ಒಟ್ಟು 110 ಆಯ್ತು, ಫೋರ್ಕ್‌ನ ಪೂರ್ತಿ ಟ್ರಾವೆಲ್ಲೇ (ಒಳಗೆ ಹೋಗಬಹುದಾದ ಒಟ್ಟು ದೂರ) 120 ಇದ್ರೆ ಬ್ರೇಕ್ ಹಿಡಿದ ಸಮಯದಲ್ಲಿ ಬರೋ ಹೊಂಡಕ್ಕೆ ಉಳಿದಿರೋದು 10 ಎಂಎಂ ಮಾತ್ರ. ಅದೇ ಸ್ಪ್ರಿಂಗು 0.7 ಆಗಿದ್ರೆ 70 ಎಂಎಂ ಬದಲು 50 ಎಂಎಂ ಹೋಗ್ತಿತ್ತು.

ಈ ಲೆಕ್ಕದಲ್ಲಿ ಆಯಿಲ್ ಎಲ್ಲೂ ಬರ್ಲಿಲ್ಲ ಗಮನಿಸಿದ್ರಾ? ಎಷ್ಟು ಕುಸಿಯಬೇಕು ಅನ್ನೋದನ್ನ ತೀರ್ಮಾನ ಮಾಡೋದು ಸ್ಪ್ರಿಂಗು, ಕೊನೇ ಭಾಗದಲ್ಲಿ ಒಳಗಿರೋ ಗಾಳಿನೂ ಸ್ವಲ್ಪ ಸೇರ್ಕೊಳ್ಳುತ್ತೆ. ಆಯಿಲ್ ತೀರ್ಮಾನ ಮಾಡೋದು ಎಷ್ಟು ಬೇಗ ಕುಸಿಯಬೇಕು, ಎಷ್ಟು ಬೇಗ ವಾಪಸ್ ಬರಬೇಕು ಅನ್ನೋದನ್ನ ಮಾತ್ರ. ಎರಡು ಮೂರು ಸೆಕೆಂಡ್ ಬ್ರೇಕ್ ಹಿಡಿದೇ ಇದ್ರೆ ದಪ್ಪ ಆಯಿಲ್ ಇದ್ರೂ ಫೋರ್ಕ್ ಅದೇ ಜಾಗಕ್ಕೆ ಹೋಗಿ ನಿಲ್ಲುತ್ತೆ, ಸ್ವಲ್ಪ ತಡವಾಗಿ.

ಇನ್ನು ಎರಡನೇ ದೂರು, ಮೆತ್ತಗಿರೋ ಫೋರ್ಕೇ ಹೊಂಡದಲ್ಲಿ ಗಟ್ಟಿಯಾಗೋದು. ಇದು ವಿಚಿತ್ರ ಅನ್ನಿಸುತ್ತೆ ಆದ್ರೆ ಡ್ಯಾಂಪಿಂಗ್ ರಾಡ್ ಫೋರ್ಕ್ ಇರೋದೇ ಹೀಗೆ. ಸಾಮಾನ್ಯ ಬೈಕುಗಳಲ್ಲಿ ಇರೋದು ಈ ಥರದ್ದೇ, ಒಳಗೆ ಒಂದು ಉದ್ದ ಕೊಳವೆ, ಅದರ ಬುಡದಲ್ಲಿ ಕೆಲವು ತೂತು, ಮೇಲೆ ಒಂದೆರಡು ಸಣ್ಣ ತೂತು. ಫೋರ್ಕ್ ಒಳಗೆ ಹೋಗುವಾಗ ಆಯಿಲ್ ಕೆಳಗಿನ ತೂತಿಂದ ನುಗ್ಗಬೇಕು, ವಾಪಸ್ ಬರುವಾಗ ಮೇಲಿನ ಸಣ್ಣ ತೂತು ತಡೆ ಕೊಡುತ್ತೆ. ಸಿರಿಂಜಲ್ಲಿ ನೀರು ತುಂಬಿ ನಿಧಾನಕ್ಕೆ ಒತ್ತಿ ನೋಡಿ, ಸಲೀಸಾಗಿ ಹೋಗುತ್ತೆ, ಜೋರಾಗಿ ಒತ್ತಿದ್ರೆ ಹೆಬ್ಬೆರಳು ನೋಯುತ್ತೆ. ತೂತಿನ ಅಳತೆ ಬದಲಾಗದೇ ಇದ್ದಾಗ ವೇಗ ಎರಡರಷ್ಟಾದ್ರೆ ತಡೆ ಸುಮಾರು ನಾಲ್ಕರಷ್ಟಾಗುತ್ತೆ, ವೇಗ ಮೂರರಷ್ಟಾದ್ರೆ ಒಂಬತ್ತರಷ್ಟು. ಬ್ರೇಕ್ ಹಿಡಿದಾಗ ಫೋರ್ಕ್ ನಿಧಾನಕ್ಕೆ ಚಲಿಸುತ್ತೆ, ಆಗ ತಡೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಹೊಂಡದ ಅಂಚಿಗೆ ಬಡಿದಾಗ ಬಹಳ ವೇಗ, ಆಗ ಆಯಿಲ್ ಅಷ್ಟು ಬೇಗ ತೂತಲ್ಲಿ ನುಗ್ಗಕ್ಕಾಗಲ್ಲ, ಫೋರ್ಕ್ ಲಾಕ್ ಆದ ಹಾಗೆ ಆಗಿ ಪೆಟ್ಟು ನೇರ ಹ್ಯಾಂಡಲ್‌ಗೆ ಬರುತ್ತೆ. ನಿಮ್ಮ ಎರಡು ದೂರೂ ಒಂದೇ ತೂತಿನ ಎರಡು ಮುಖ.

ಇಂಥ ಫೋರ್ಕಿಗೆ 20ಡಬ್ಲ್ಯೂ-50 ಸುರಿದ್ರೆ ಏನಾಗುತ್ತೆ? ಇಲ್ಲಿ ಒಂದು ದೊಡ್ಡ ಗೊಂದಲ ಇದೆ, ಎಂಜಿನ್ ಆಯಿಲಿನ ನಂಬರೂ ಫೋರ್ಕ್ ಆಯಿಲಿನ ನಂಬರೂ ಒಂದೇ ಅಳತೆ ಅಂದ್ಕೊಂಡಿರ್ತಾರೆ. ಅಲ್ಲ. 10ಡಬ್ಲ್ಯೂ ಅಂತ ಬರೆದ ಫೋರ್ಕ್ ಆಯಿಲ್ 40 ಡಿಗ್ರಿ ಶಾಖದಲ್ಲಿ ಸಾಮಾನ್ಯವಾಗಿ 30ರಿಂದ 50 ಸೆಂಟಿಸ್ಟೋಕ್ (ಆಯಿಲ್ ಎಷ್ಟು ದಪ್ಪ ಅನ್ನೋದರ ಅಳತೆ) ಒಳಗೆ ಇರುತ್ತೆ, 20ಡಬ್ಲ್ಯೂ-50 ಎಂಜಿನ್ ಆಯಿಲ್ ಅದೇ ಶಾಖದಲ್ಲಿ 150ರ ಆಸುಪಾಸು. ಅಂದ್ರೆ ಮೂರು ನಾಲ್ಕು ಪಟ್ಟು ದಪ್ಪ. ಅದೂ ಅಲ್ಲದೆ ಫೋರ್ಕ್ ಆಯಿಲಲ್ಲೇ ಒಬ್ಬರ 10ಡಬ್ಲ್ಯೂ ಇನ್ನೊಬ್ಬರ 10ಡಬ್ಲ್ಯೂಗೆ ಸರಿಸಮ ಇರಲ್ಲ, ಅದಕ್ಕೇ ಡಬ್ಬಿ ಮೇಲಿನ ಡಬ್ಲ್ಯೂ ನೋಡ್ಬೇಡಿ, ಡೇಟಾ ಶೀಟಲ್ಲಿ 40 ಡಿಗ್ರಿಯ ಸೆಂಟಿಸ್ಟೋಕ್ ಸಂಖ್ಯೆ ನೋಡಿ ಹೋಲಿಸಿ. ಇಷ್ಟು ದಪ್ಪ ಹಾಕಿದ್ರೆ ವಾಪಸ್ ಬರೋ ಚಲನೆನೂ ನಿಧಾನ ಆಗುತ್ತೆ, ಸಾಲಾಗಿ ಉಬ್ಬು ಬಂದಾಗ ಮೊದಲನೇದಕ್ಕೆ ಒಳಗೆ ಹೋದ ಫೋರ್ಕ್ ಪೂರ್ತಿ ಹೊರಗೆ ಬರೋ ಮುಂಚೆನೇ ಎರಡನೇದು ಬಂತು, ಮೂರನೇದು ಬಂತು, ಪ್ರತಿ ಸಲ ಇನ್ನಷ್ಟು ಕೆಳಗೆ ಇಳೀತಾ ಕೊನೆಗೆ ಟ್ರಾವೆಲ್ಲೇ ಉಳಿಯಲ್ಲ. ಇದಕ್ಕೆ ಪ್ಯಾಕಿಂಗ್ ಡೌನ್ ಅಂತಾರೆ. ಆಗ ಮುಂದಿನ ಟೈರ್ ರಸ್ತೆ ಬಿಟ್ಟು ಹಾರಕ್ಕೆ ಶುರುವಾಗುತ್ತೆ, ತಿರುವಲ್ಲಿ ಹೀಗಾದ್ರೆ ತುಂಬಾ ಅಪಾಯ.

ಹಾಗಾದ್ರೆ ಏನು ಮಾಡ್ಬೇಕು. ಮೊದಲು ಸುಮ್ನೆ ಚೆಕ್ ಮಾಡೋ ಕೆಲಸ: ಟೈರ್ ಪ್ರೆಷರ್, ಸ್ಟೀರಿಂಗ್ ಬೇರಿಂಗಲ್ಲಿ ಆಟ ಇದೆಯಾ, ನೇರ ಇಟ್ಟಾಗ ಹ್ಯಾಂಡಲ್ ಒಂದು ಕಡೆ ಕಚ್ಕೊಳ್ಳುತ್ತಾ, ಸೀಲ್ ಸೋರ್ತಿದೆಯಾ, ಫೋರ್ಕ್ ಪೈಪು ಬಾಗಿದೆಯಾ. ಇವು ಸರಿ ಇಲ್ದೆ ಮುಂದಕ್ಕೆ ಹೋಗೋದು ಬೇಡ.

ಆಮೇಲೆ ಸ್ಯಾಗ್, ಅಂದ್ರೆ ನೀವು ಕೂತಾಗ ಫೋರ್ಕ್ ಎಷ್ಟು ಕೆಳಗಿಳಿಯುತ್ತೆ ಅನ್ನೋದನ್ನ ಅಳೀರಿ. ಇದಕ್ಕೆ ಟೇಪು, ಇಬ್ಬರು ಸ್ನೇಹಿತರು ಸಾಕು, ಆದ್ರೂ ಹೆಚ್ಚಿನವರು ಇದೊಂದನ್ನೇ ಬಿಟ್ಟು ಬೇರೆಲ್ಲಾ ಮಾಡ್ತಾರೆ, ನನಗೆ ಅದೇ ಬೇಜಾರು. ಮುಂದಿನ ಚಕ್ರ ನೆಲ ಬಿಟ್ಟು ಎತ್ತಿದಾಗ ಫೋರ್ಕ್ ಪೈಪ್ ಎಷ್ಟು ಹೊರಗೆ ಕಾಣುತ್ತೆ ಅಂತ ಬರ್ಕೊಳ್ಳಿ. ಆಮೇಲೆ ಬೈಕ್ ಇಳಿಸಿ, ನೀವು ಹೆಲ್ಮೆಟ್ಟು ಜಾಕೆಟ್ಟು ಹಾಕ್ಕೊಂಡು ಮಾಮೂಲಿ ಓಡಿಸೋ ಭಂಗಿಯಲ್ಲಿ ಕೂತ್ಕೊಳ್ಳಿ, ಒಬ್ಬರು ಬೈಕ್ ನೆಟ್ಟಗೆ ಹಿಡಿದಿರಲಿ. ಇನ್ನೊಬ್ಬರು ಫೋರ್ಕನ್ನ ಕೆಳಗೆ ಒತ್ತಿ ನಿಧಾನಕ್ಕೆ ಮೇಲೆ ಬರೋಕೆ ಬಿಡ್ಲಿ, ನಿಂತ ಜಾಗ ಅಳೀಲಿ. ಮತ್ತೆ ಮೇಲೆ ಎತ್ತಿ ನಿಧಾನಕ್ಕೆ ಇಳಿಯೋಕೆ ಬಿಡ್ಲಿ, ಅದನ್ನೂ ಅಳೀಲಿ. ಈ ಎರಡರ ಸರಾಸರಿಯನ್ನ ಮೊದಲನೇ ಅಳತೆಯಿಂದ ಕಳೆದ್ರೆ ಬರೋದೇ ನಿಮ್ಮ ಸ್ಯಾಗ್. ರಸ್ತೆ ಬೈಕಿಗೆ ಒಟ್ಟು ಟ್ರಾವೆಲ್ಲಿನ ಕಾಲು ಭಾಗದಿಂದ ಮೂರನೇ ಒಂದು ಭಾಗ ಇರಬೇಕು, 120 ಎಂಎಂ ಫೋರ್ಕಿಗೆ 30ರಿಂದ 40 ಎಂಎಂ. ಒತ್ತಿ ಬಿಟ್ಟ ಅಳತೆಗೂ ಎತ್ತಿ ಬಿಟ್ಟ ಅಳತೆಗೂ 20 ಎಂಎಂಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ಫೋರ್ಕ್ ಒಳಗೆ ಜಿಗುಟು ಅಂದ್ರೆ ಸ್ಟಿಕ್ಷನ್ ಜಾಸ್ತಿ ಇದೆ ಅಂತ. ಬಹಳ ಸಲ ಇದಕ್ಕೆ ಕಾರಣ ಚಕ್ರ ಹಾಕುವಾಗ ಆಕ್ಸಲ್ ಕ್ಲ್ಯಾಂಪ್ ಬೋಲ್ಟನ್ನ ಮೊದಲೇ ಬಿಗಿ ಮಾಡಿರೋದು, ಫೋರ್ಕಿನ ಎರಡು ಕಾಲೂ ಒಂದಕ್ಕೊಂದು ಓರೆಯಾಗಿ ಎಳೀತಿರ್ತವೆ. ಆಕ್ಸಲ್ ಬಿಗಿ ಮಾಡಿ, ಕ್ಲ್ಯಾಂಪ್ ಲೂಸ್ ಇರುವಾಗಲೇ ಬ್ರೇಕ್ ಹಿಡಿದು ಫೋರ್ಕನ್ನ ನಾಲ್ಕೈದು ಸಲ ಜೋರಾಗಿ ಒತ್ತಿ, ಕಾಲು ತಾನೇ ತನ್ನ ಜಾಗಕ್ಕೆ ಕೂರುತ್ತೆ, ಆಮೇಲೆ ಕ್ಲ್ಯಾಂಪ್ ಬಿಗಿ ಮಾಡಿ. ಒಂದು ಪೈಸೆ ಖರ್ಚಿಲ್ದೆ ಫೋರ್ಕ್ ಬೇರೆ ಥರ ಅನ್ನಿಸೋದು ಇದರಿಂದ.

ಸ್ಯಾಗ್ 50 ದಾಟಿದೆ ಅಂತಾದ್ರೆ ಸ್ಪ್ರಿಂಗ್ ಹೊರಗೆ ತೆಗೆದು ಉದ್ದ ಅಳೆದು ಸರ್ವಿಸ್ ಮ್ಯಾನ್ಯುವಲ್ಲಿನ ಕನಿಷ್ಠ ಉದ್ದದ ಜೊತೆ ಹೋಲಿಸಿ. ಬಿಚ್ಚುವಾಗ ಎರಡು ಎಚ್ಚರಿಕೆ. ಮೇಲಿನ ಕ್ಯಾಪ್ ಸ್ಪ್ರಿಂಗ್ ಒತ್ತಡದಲ್ಲಿ ಇರುತ್ತೆ, ಮುಖ ಅಡ್ಡ ಇಟ್ಟು ಬಿಚ್ಬೇಡಿ. ಕಾಲು ಬೈಕಲ್ಲೇ ಇರುವಾಗ, ಮೇಲಿನ ಕ್ಲ್ಯಾಂಪ್ ಲೂಸ್ ಮಾಡಿ ಕ್ಯಾಪನ್ನ ಒಂದು ಸುತ್ತು ಸಡಿಲ ಮಾಡ್ಕೊಂಡ್ರೆ ಆಮೇಲೆ ಸುಲಭ. ಬುಡದ ಆಲೆನ್ ಬೋಲ್ಟೂ ಸ್ಪ್ರಿಂಗ್ ಒಳಗಿರುವಾಗಲೇ ಸಡಿಲ ಮಾಡಿ, ಸ್ಪ್ರಿಂಗ್ ತೆಗೆದ್ಮೇಲೆ ಡ್ಯಾಂಪಿಂಗ್ ರಾಡ್ ಬೋಲ್ಟ್ ಜೊತೆನೇ ತಿರುಗಕ್ಕೆ ಶುರುವಾಗುತ್ತೆ.

ಪ್ರಿಲೋಡ್, ಅಂದ್ರೆ ಸ್ಪ್ರಿಂಗನ್ನ ಮೊದಲೇ ಸ್ವಲ್ಪ ಒತ್ತಿಡೋದು, ಅದರ ಬಗ್ಗೆ ಒಂದು ಮಾತು. ಸ್ಪ್ರಿಂಗ್ ಮೇಲೆ ಸ್ಪೇಸರ್ ಇಟ್ಟು ಒತ್ತಿಬಿಟ್ರೆ ಸ್ಪ್ರಿಂಗ್ ಗಟ್ಟಿ ಆಗುತ್ತೆ ಅಂತ ಎಲ್ಲರೂ ನಂಬ್ತಾರೆ. ಆಗಲ್ಲ. 0.5 ಸ್ಪ್ರಿಂಗ್ ಎಷ್ಟು ಪ್ರಿಲೋಡ್ ಕೊಟ್ರೂ 0.5ನೇ, ಬೈಕು ನಿಲ್ಲೋ ಎತ್ತರ ಮಾತ್ರ ಬದಲಾಗುತ್ತೆ. 10ರಿಂದ 20 ಎಂಎಂ ಪ್ರಿಲೋಡಲ್ಲಿ ಸ್ಯಾಗ್ ಸರಿ ಬಂದ್ರೆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಸರಿ ಇದೆ, ಅದಕ್ಕಿಂತ ತುಂಬಾ ಜಾಸ್ತಿ ಬೇಕಾಗ್ತಿದೆ ಅಂದ್ರೆ ಗಟ್ಟಿ ಸ್ಪ್ರಿಂಗೇ ಬೇಕು. ನಿಮ್ಮ ವಿವರಣೆ ನೋಡಿದ್ರೆ ಬಹುಶಃ ಅದೇ ಬರುತ್ತೆ ಅಂತ ನನ್ನ ಅಂದಾಜು. ಹಾಕೋದಾದ್ರೆ ಉದ್ದಕ್ಕೂ ಒಂದೇ ರೇಟಿರೋ ಲೀನಿಯರ್ ಸ್ಪ್ರಿಂಗ್ ಹಾಕಿ, ಪ್ರೋಗ್ರೆಸಿವ್ ಸ್ಪ್ರಿಂಗು ಮೊದಲ ಭಾಗ ಮೆತ್ತಗಿದ್ದು ಬ್ರೇಕಲ್ಲಿ ಬೇಗ ಕುಸಿದು ಆಮೇಲೆ ಗಟ್ಟಿ ಭಾಗದಲ್ಲೇ ಹೊಂಡ ಎದುರಿಸಬೇಕಾಗುತ್ತೆ, ನಿಮ್ಮ ದೂರೂ ಅದೇ ತಾನೇ.

ಆಯಿಲ್ ಹಾಕುವಾಗ ಎಂಎಲ್ ಲೆಕ್ಕಕ್ಕಿಂತ ಎತ್ತರದ ಲೆಕ್ಕ ಮುಖ್ಯ. ಸ್ಪ್ರಿಂಗ್ ಹೊರಗಿಟ್ಟು, ಫೋರ್ಕ್ ಪೂರ್ತಿ ಒಳಗೆ ಒತ್ತಿ, ಪೈಪಿನ ಬಾಯಿಂದ ಆಯಿಲ್ ಮೇಲ್ಮೈವರೆಗೆ ಎಷ್ಟು ಎಂಎಂ ಅಂತ ಅಳೀಬೇಕು, ಮ್ಯಾನ್ಯುವಲ್ಲಲ್ಲಿ ಆ ಸಂಖ್ಯೆ ಕೊಟ್ಟಿರ್ತಾರೆ. ಆಯಿಲ್ ಸುರಿದು ಮೇಲೆ ಕೆಳಗೆ ಪಂಪ್ ಮಾಡಿ, ಒಂದೇ ಸಮ ತಡೆ ಸಿಗೋವರೆಗೆ, ಹತ್ತು ನಿಮಿಷ ಗುಳ್ಳೆ ಹೋಗಕ್ಕೆ ಬಿಟ್ಟು ಸ್ವಲ್ಪ ಜಾಸ್ತಿ ಹಾಕಿ ಸಿರಿಂಜಿಗೆ ಅಳತೆಯ ನಳಿಕೆ ಸಿಕ್ಕಿಸಿ ಬೇಡದ್ದನ್ನ ಎಳ್ಕೊಳ್ಳಿ. ಎರಡು ಕಾಲಲ್ಲೂ ಒಂದೇ ಎತ್ತರ. ಮೇಲೆ ಉಳಿಯೋ ಗಾಳಿ ಎರಡನೇ ಸ್ಪ್ರಿಂಗ್ ಥರ ಕೆಲಸ ಮಾಡುತ್ತೆ, ಫೋರ್ಕ್ ಒಳಗೆ ಹೋದಷ್ಟೂ ಗಾಳಿ ಜಾಗ ಕುಗ್ಗಿ ಒತ್ತಡ ಏರುತ್ತೆ, ಅದರ ಪ್ರಭಾವ ಕೊನೇ ಮೂರನೇ ಒಂದು ಭಾಗದಲ್ಲಿ ಗೊತ್ತಾಗುತ್ತೆ. ಸ್ಪ್ರಿಂಗ್ ಸರಿ ಮಾಡಿದ ಮೇಲೂ ದೊಡ್ಡ ಹೊಂಡದಲ್ಲಿ ತಳ ಮುಟ್ತಿದ್ರೆ ಲೆವೆಲ್ 5 ಎಂಎಂ ಏರಿಸಿ ನೋಡಿ, ಒಂದೇ ಸಲ 30 ಎಂಎಂ ಏರಿಸಿದ್ರೆ ಒತ್ತಡಕ್ಕೆ ಸೀಲ್ ಹೋಗ್ಬಹುದು. ಆಯಿಲ್ ಗ್ರೇಡು ಕಂಪನಿ ಹೇಳಿದ್ದೇ ಇರಲಿ, ಗಟ್ಟಿ ಸ್ಪ್ರಿಂಗ್ ಹಾಕಿದ ಮೇಲೆ ಫೋರ್ಕ್ ಪುಟಿಯೋ ಹಾಗೆ ಅನ್ನಿಸಿದ್ರೆ ಒಂದು ಮೆಟ್ಟಿಲು ಮಾತ್ರ ಮೇಲೆ ಹೋಗಿ. ಇಲ್ಲಿ ದಪ್ಪಕ್ಕೆ ಅರ್ಥ ಇದೆ, ಸ್ಪ್ರಿಂಗ್ ಜೋರಾಗಿ ತಳ್ತಿದೆ, ಅದನ್ನ ಹಿಡಿಯೋಕೆ ಹೆಚ್ಚು ರಿಬೌಂಡ್ ತಡೆ, ಅಂದ್ರೆ ವಾಪಸ್ ಬರುವಾಗಿನ ತಡೆ, ಬೇಕು.

ಇಷ್ಟಾದ್ರೂ ಚೂಪಾದ ಹೊಂಡದ ಪೆಟ್ಟು ಪೂರ್ತಿ ಹೋಗಲ್ಲ, ಯಾಕಂದ್ರೆ ತೂತು ಹಾಗೇ ಇದೆ. ಅದಕ್ಕೆ ಇರೋ ಪರಿಹಾರ ಕಾರ್ಟ್ರಿಡ್ಜ್ ಎಮ್ಯುಲೇಟರ್. ಇದು ಡ್ಯಾಂಪಿಂಗ್ ರಾಡಿನ ತಲೆ ಮೇಲೆ ಕೂರೋ ಸಣ್ಣ ವಾಲ್ವ್, ಅದರಲ್ಲಿ ಒಂದು ಪುಟ್ಟ ಸ್ಪ್ರಿಂಗ್ ಇರುತ್ತೆ, ನಿಧಾನದ ಚಲನೆಯಲ್ಲಿ ಮುಚ್ಕೊಂಡು ತಡೆ ಕೊಡುತ್ತೆ, ಹೊಂಡದ ಪೆಟ್ಟು ಬಿದ್ದಾಗ ತೆರ್ಕೊಂಡು ಆಯಿಲ್ ಬಿಟ್ಬಿಡುತ್ತೆ. ನಿಮಗೆ ಬೇಕಾಗಿರೋದು ಇದೇನೇ. ಆದ್ರೆ ಇದನ್ನ ಹಾಕುವಾಗ ರಾಡಿನ ಬುಡದ ಕಂಪ್ರೆಷನ್ ತೂತುಗಳನ್ನ ದೊಡ್ಡದು ಮಾಡಿ ಇನ್ನಷ್ಟು ತೂತು ಕೊರೀಬೇಕು, ಸಾಮಾನ್ಯವಾಗಿ 8 ಎಂಎಂನ ಆರು ತೂತು, ಇಲ್ಲಾಂದ್ರೆ ಹಳೇ ತೂತೇ ಮೊದಲು ತಡೆದು ವಾಲ್ವಿಗೆ ಕೆಲಸನೇ ಇರಲ್ಲ. ಮೇಲಿನ ರಿಬೌಂಡ್ ತೂತು ಮುಟ್ಟಬಾರದು. ಎಮ್ಯುಲೇಟರ್ ದಪ್ಪದಷ್ಟು ಸ್ಪೇಸರ್ ಕತ್ತರಿಸಬೇಕು. ಕೊರೆದ ರಾಡು ಮತ್ತೆ ಮೊದಲಿನ ಹಾಗೆ ಆಗಲ್ಲ, ಅದಕ್ಕೆ ಇದನ್ನ ಕೊನೆಗೆ ಇಟ್ಕೊಳ್ಳಿ. ಸರಿಯಾದ ಸ್ಪ್ರಿಂಗು, ಹೊಸ ಆಯಿಲು, ನೇರ ಕೂತ ಆಕ್ಸಲ್ ಇಷ್ಟರಲ್ಲೇ ತೃಪ್ತಿ ಆಗೋರು ಬಹಳ ಜನ.

ಈಗ ಎಂಜಿನ್. ಬಿಚ್ಚೋ ಮಾತು ಆಮೇಲೆ, ಮೊದಲು ಆಯಿಲ್ ಎಲ್ಲಿಗೆ ಹೋಗ್ತಿದೆ ಕಂಡುಹಿಡೀರಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ನೀಲಿ ಹೊಗೆ ಬಂದು ನಿಂತುಹೋದ್ರೆ, ಅಥವಾ ಇಳಿಜಾರಲ್ಲಿ ಥ್ರಾಟಲ್ ಬಿಟ್ಟು ಬಂದು ಮತ್ತೆ ಕೊಟ್ಟಾಗ ಒಂದು ಸಲ ಹೊಗೆ ಬಂದ್ರೆ ಮೊದಲ ಅನುಮಾನ ವಾಲ್ವ್ ಗೈಡ್ ಮತ್ತು ಸೀಲ್ ಮೇಲೆ. ಲೋಡಲ್ಲಿ ಏರು ಹತ್ತುವಾಗ ಒಂದೇ ಸಮ ಹೊಗೆ ಬರ್ತಿದ್ರೆ ಪಿಸ್ಟನ್ ರಿಂಗ್ ಮತ್ತು ಬೋರ್ (ಪಿಸ್ಟನ್ ಓಡಾಡೋ ಸಿಲಿಂಡರ್ ಕೊಳವೆ) ಮೇಲೆ. ಆಮೇಲೆ ಕಂಪ್ರೆಷನ್ ಟೆಸ್ಟ್: ಎಂಜಿನ್ ಬಿಸಿ ಇರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ಓದಿದ ಸಂಖ್ಯೆ ಕಡಿಮೆ ಇದ್ರೆ ಪ್ಲಗ್ ತೂತಲ್ಲಿ 5 ಎಂಎಲ್ ಆಯಿಲ್ ಬಿಟ್ಟು ಮತ್ತೆ ನೋಡಿ, ಏರಿದ್ರೆ ರಿಂಗ್ ಕಡೆ ಸೋರಿಕೆ, ಏರದೇ ಇದ್ರೆ ವಾಲ್ವ್ ಕಡೆ. ಕ್ಯಾಮ್ (ವಾಲ್ವ್ ತೆರೆಸೋ ಶಾಫ್ಟ್) ಮೇಲೆ ಡಿಕಂಪ್ರೆಸರ್ (ಸ್ಟಾರ್ಟ್ ಸುಲಭ ಆಗ್ಲಿ ಅಂತ ಒತ್ತಡ ಸ್ವಲ್ಪ ಬಿಡೋ ಭಾಗ) ಇರೋ ಎಂಜಿನ್ನಲ್ಲಿ ಸಂಖ್ಯೆ ಸಹಜವಾಗೇ ಕಡಿಮೆ ಬರುತ್ತೆ, ಅಂಥದ್ದಕ್ಕೆ ಲೀಕ್ ಡೌನ್ ಟೆಸ್ಟೇ ನಂಬಿಕಸ್ತ. ಪಿಸ್ಟನ್ ಟಾಪಲ್ಲಿ ನಿಲ್ಲಿಸಿ ಗಾಳಿ ತುಂಬಿ ಕಿವಿ ಕೊಡಿ, ಸೈಲೆನ್ಸರಲ್ಲಿ ಸುಯ್ ಅಂದ್ರೆ ಎಕ್ಸಾಸ್ಟ್ ವಾಲ್ವ್, ಕಾರ್ಬ್ಯುರೇಟರ್ ಅಥವಾ ಥ್ರಾಟಲ್ ಬಾಡಿ ಕಡೆ ಬಂದ್ರೆ ಇನ್‌ಲೆಟ್ ವಾಲ್ವ್, ಆಯಿಲ್ ಹಾಕೋ ತೂತಲ್ಲಿ ಬಂದ್ರೆ ರಿಂಗ್. ಸೋರಿಕೆ 10 ಪರ್ಸೆಂಟ್ ಒಳಗಿದ್ರೆ ಆರೋಗ್ಯವಾಗಿದೆ, 20 ದಾಟಿದ್ರೆ ಬಿಚ್ಚಲೇಬೇಕು ಅನ್ನೋದು ನಾನು ಇಟ್ಕೊಂಡಿರೋ ಗೆರೆ.

ಕಟಕಟ ಸದ್ದಿಗೂ ಹೀಗೇನೇ. ತಣ್ಣಗಿರುವಾಗ ವಾಲ್ವ್ ಗ್ಯಾಪ್ ಅಳೆದು ಮ್ಯಾನ್ಯುವಲ್ ಅಳತೆಗೆ ತನ್ನಿ. ಸದ್ದು ನಿಲ್ಲಿಸೋಕೆ ಅಂತ ಗ್ಯಾಪ್ ಬಿಗಿ ಮಾಡೋರು ಇದ್ದಾರೆ, ಅದು ತುಂಬಾ ಕೆಟ್ಟ ಕೆಲಸ, ಬಿಗಿ ಇದ್ರೆ ವಾಲ್ವ್ ಸೀಟಿಗೆ ಪೂರ್ತಿ ಕೂರಲ್ಲ, ತನ್ನ ಬಿಸಿಯನ್ನ ಸೀಟಿಗೆ ಬಿಡಕ್ಕಾಗದೆ ಎಕ್ಸಾಸ್ಟ್ ವಾಲ್ವ್ ಸುಡುತ್ತೆ. ಗ್ಯಾಪ್ ಸರಿ ಇದ್ದೂ ಸದ್ದು ಇದ್ರೆ ಕ್ಯಾಮ್ ಚೈನ್ ಮತ್ತು ಟೆನ್ಷನರ್ ನೋಡಿ. ತಣ್ಣಗಿದ್ದಾಗ ಇದ್ದು ಬಿಸಿಯಾದ ಮೇಲೆ ಕಡಿಮೆ ಆಗೋ ಸದ್ದು ಪಿಸ್ಟನ್ ಬೋರಲ್ಲಿ ಅಲ್ಲಾಡೋದು ಇರಬಹುದು. ಆದ್ರೆ ಕೆಳಗಿಂದ ದಪ್ಪ ಡಗಡಗ ಶಬ್ದ, ಲೋಡಲ್ಲಿ ಜಾಸ್ತಿ ಆಗೋದು, ಅದು ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರೋ ಕಡೆಯ ಬೇರಿಂಗ್), ಅವತ್ತೇ ಓಡಿಸೋದು ನಿಲ್ಲಿಸಿ.

20ಡಬ್ಲ್ಯೂ-50 ಹಾಕಿದ್ರೆ ಇವೆಲ್ಲಾ ಸದ್ದೂ ಸ್ವಲ್ಪ ಕಡಿಮೆ ಕೇಳುತ್ತೆ, ಸಂದುಗಳಲ್ಲಿ ದಪ್ಪ ಪದರ ನಿಲ್ಲುತ್ತಲ್ಲ ಅದಕ್ಕೆ. ಆದ್ರೆ ಕಡಿಮೆ ಗ್ರೇಡಿಗೆ ಅಂತ ಮಾಡಿದ ಎಂಜಿನ್ನಲ್ಲಿ ತಣ್ಣಗೆ ಸ್ಟಾರ್ಟ್ ಆದಾಗ ಅದು ಮೇಲಿನ ಕ್ಯಾಮ್, ರಾಕರ್‌ವರೆಗೆ ತಲುಪೋದು ತಡ, ಸವೆತ ಜಾಸ್ತಿ ಆಗೋದು ಆ ಹೊತ್ತಲ್ಲೇ. ಮ್ಯಾನ್ಯುವಲ್ಲೇ ಬಿಸಿ ಹವೆಗೆ ಆ ಗ್ರೇಡ್ ಹೇಳಿದ್ರೆ ಧಾರಾಳವಾಗಿ ಹಾಕಿ, ಇಲ್ಲಾಂದ್ರೆ ಬೇಡ. ಯಾವುದೇ ಹಾಕಿದ್ರೂ ಡಬ್ಬಿ ಮೇಲೆ ಜಾಸೊ ಎಂಎ ಅಥವಾ ಎಂಎ2 (ಬೈಕ್ ಆಯಿಲಿನ ಜಪಾನ್ ಗುಣಮಟ್ಟದ ಗುರುತು) ಅಂತ ಇರಲಿ, ನಿಮ್ಮ ಕ್ಲಚ್ ಅದೇ ಆಯಿಲಲ್ಲಿ ಮುಳುಗಿರುತ್ತೆ. ಮತ್ತೆ ಇಂಥ ಎಂಜಿನ್ನಲ್ಲಿ ಒಟ್ಟು ಆಯಿಲೇ ಸುಮಾರು 1 ಲೀಟರ್, ಅದರಲ್ಲಿ 300 ಎಂಎಲ್ ಹೋದ್ರೆ ಮೂರನೇ ಒಂದು ಭಾಗ ಹೋದ ಹಾಗೆ, ರಿಪೇರಿ ಆಗೋವರೆಗೂ ಪ್ರತಿ 300 ಕಿಲೋಮೀಟರಿಗೆ ಲೆವೆಲ್ ನೋಡಿ.

ಬಿಚ್ಚಿದ್ರೆ ಬೋರನ್ನ ಮೇಲೆ, ಮಧ್ಯೆ, ಕೆಳಗೆ ಮೂರು ಕಡೆ, ಪ್ರತಿ ಕಡೆ ಎರಡು ದಿಕ್ಕಲ್ಲಿ ಅಳೆಸಿ. ಸವೆತ ಜಾಸ್ತಿ ಇರೋದು ಮೇಲೆ, ಟಾಪ್ ರಿಂಗ್ ನಿಂತು ವಾಪಸ್ ತಿರುಗೋ ಜಾಗದಲ್ಲಿ, ಅಲ್ಲಿ ರಿಂಗಿನ ವೇಗ ಸೊನ್ನೆ ಆಗಿ ಆಯಿಲ್ ಪದರ ತೆಳ್ಳಗಾಗುತ್ತೆ, ಒತ್ತಡ ಮಾತ್ರ ಅತಿ ಹೆಚ್ಚು. ಹೊಸ ರಿಂಗನ್ನ ಬೋರಲ್ಲಿ ಕೂರಿಸಿ ಅದರ ಎರಡು ತುದಿ ನಡುವಿನ ಅಂತರ ಫೀಲರ್ ಗೇಜಲ್ಲಿ ನೋಡಿ, 57 ಎಂಎಂ ಬೋರಿಗೆ 0.2 ಎಂಎಂ ಆಸುಪಾಸು ಇರಬೇಕು. ಸವೆದು ಮೊಟ್ಟೆ ಆಕಾರ ಆದ ಬೋರಿಗೆ ಬರೀ ರಿಂಗ್ ಬದಲಾಯಿಸೋದು ವ್ಯರ್ಥ, ಎರಕದ ಲೈನರ್ ಆದ್ರೆ 0.25 ಅಥವಾ 0.50 ಎಂಎಂ ಓವರ್‌ಸೈಜಿಗೆ ಬೋರ್ ಮಾಡಿ ಹೋನಿಂಗ್ (ಒಳಮೈಯನ್ನ ಕಲ್ಲಿಂದ ಉಜ್ಜಿ ಹದ ಮಾಡೋದು) ಮಾಡಿಸಿ, ನಿಕಲ್ ಸಿಲಿಕಾನ್ ಕಾರ್ಬೈಡ್ ಲೇಪನ ಇರೋ ಸಿಲಿಂಡರ್ ಆದ್ರೆ ಸುಮ್ನೆ ಬೋರ್ ಮಾಡಿ ಓವರ್‌ಸೈಜ್ ಹಾಕಕ್ಕಾಗಲ್ಲ, ಬದಲಾಯಿಸೋದೇ ಒಳ್ಳೇದು.

ಹೈ ಕಂಪ್ರೆಷನ್ ಪಿಸ್ಟನ್ ಬೇಡ ಅಂತ ನನ್ನ ಅಭಿಪ್ರಾಯ. ಕಂಪ್ರೆಷನ್ ಅನುಪಾತ, ಅಂದ್ರೆ ಪಿಸ್ಟನ್ ಗಾಳಿ-ಪೆಟ್ರೋಲನ್ನ ಎಷ್ಟು ಪಟ್ಟು ಒತ್ತುತ್ತೆ ಅನ್ನೋದನ್ನ, 9.5ರಿಂದ 11ಕ್ಕೆ ಏರಿಸಿದ್ರೆ ಥಿಯರಿ ಲೆಕ್ಕದಲ್ಲೇ ಸಿಗೋದು 100ಕ್ಕೆ ಸುಮಾರು 4ರಷ್ಟು ಲಾಭ. ಅದಕ್ಕೆ ಬದಲಾಗಿ ಏರ್ ಕೂಲ್ಡ್ ಹೆಡ್ ಇನ್ನಷ್ಟು ಬಿಸಿ, ಮಾಮೂಲಿ ಪೆಟ್ರೋಲಲ್ಲಿ ನಾಕಿಂಗ್ (ಪೆಟ್ರೋಲ್ ತಾನಾಗೇ ಸಿಡಿಯೋದು) ಬರೋ ಸಾಧ್ಯತೆ, 60 ಸಾವಿರ ಓಡಿದ ಬಿಗ್ ಎಂಡ್ ಮೇಲೆ ಹೆಚ್ಚಿನ ಹೊರೆ. ಅಳತೆಗೆ ಸರಿಯಾದ ಸ್ಟ್ಯಾಂಡರ್ಡ್ ಕಂಪ್ರೆಷನ್ ಪಿಸ್ಟನ್ನು, ಚೆನ್ನಾಗಿ ಕೂತ ವಾಲ್ವು, ಹೊಸ ಸೀಲು ಇಷ್ಟರಲ್ಲಿ ಕಳ್ಕೊಂಡಿದ್ದ ಪವರ್ ವಾಪಸ್ ಬರುತ್ತೆ, ಅದು ಆ 4ಕ್ಕಿಂತ ಜಾಸ್ತಿನೇ ಇರುತ್ತೆ.

ಪಿಸ್ಟನ್ ತರಿಸೋ ಮುಂಚೆ ಮೂರು ಸಂಖ್ಯೆ ಬರೆದು ಕಳಿಸಿ: ನೀವು ಕೂತಾಗಿನ ಸ್ಯಾಗ್, ಸ್ಪ್ರಿಂಗ್ ಹೊರಗಿಟ್ಟಾಗಿನ ಉದ್ದ, ಲೀಕ್ ಡೌನ್ ಪರ್ಸೆಂಟ್. ಜೊತೆಗೆ ಗಾಳಿ ಯಾವ ಕಡೆಯಿಂದ ಸೋರ್ತಿತ್ತು ಅನ್ನೋದೂ ಇರಲಿ, ಯಾವ ಸ್ಪ್ರಿಂಗ್ ರೇಟು ಹಾಕ್ಬೇಕು, ಎಂಜಿನ್ ಬರೀ ಹೆಡ್ ಬಿಚ್ಚಿದ್ರೆ ಸಾಕಾ ಅಥವಾ ಸಿಲಿಂಡರೂ ತೆಗೀಬೇಕಾ ಅಂತ ಆಗ ಹೇಳಬಹುದು.